27 ವರ್ಷ ರಂಗ, 25 ವರ್ಷ ತೆರೆ: ತಿಪಟೂರಿನ ನರಸಿಂಹರಾಜು

ಹಾಸ್ಯ ಚಕ್ರವರ್ತಿ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಬರುವುದು ನರಸಿಂಹರಾಜು ಅವರ ಬಡಕಲು ಮೈ ಮತ್ತು ಮುಂದೆ ಚಾಚಿದ ಹಲ್ಲು. ದೇವರು ಕೊಟ್ಟ ಮುಖವೇ ನಗಿಸುವಂಥದ್ದು, ಅವರಿಗೆ ನಟಿಸುವ ಅಗತ್ಯವೇ ಇರಲಿಲ್ಲ ಎಂದು ಹೇಳಿ ಸುಮ್ಮನಾಗುವವರುಂಟು. ಆದರೆ ಅವರ ಬದುಕಿನ ವರ್ಷಗಳನ್ನು ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಅವರು ನಾಟಕ ಕಂಪನಿ ಸೇರಿದ್ದು ನಾಲ್ಕನೆಯ ವಯಸ್ಸಿನಲ್ಲಿ, ಅಂದರೆ 1927ರ ಸುಮಾರಿಗೆ. ಬೆಳ್ಳಿತೆರೆಯ ಮೇಲೆ ಕಾಣಿಸಿಕೊಂಡಿದ್ದು 1954ರಲ್ಲಿ. ನಿಧನರಾದದ್ದು 1979ರಲ್ಲಿ. ಮೊದಲ ಚಿತ್ರಕ್ಕೂ ಮುಂಚಿನ ಅವಧಿ 27 ವರ್ಷ. ಚಿತ್ರಜೀವನ 25 ವರ್ಷ. ಕನ್ನಡಿಗರು ಸಿನಿಮಾ ನಟನೆಂದೇ ನೆನಪಿಟ್ಟುಕೊಂಡಿರುವ ಈ ಕಲಾವಿದ, ಲೆಕ್ಕದ ಪ್ರಕಾರ, ಹೆಚ್ಚು ಕಾಲ ನಾಟಕದವರೇ ಆಗಿದ್ದರು.

ಈ ಲೆಕ್ಕ ಕೇವಲ ಕುತೂಹಲದ ವಿಷಯವಲ್ಲ. ಆ 27 ವರ್ಷಗಳಲ್ಲಿ ಅವರು ಏನು ಮಾಡಿದರು ಎಂಬುದನ್ನು ನೋಡಲು ಇಂದು ಯಾವ ದಾರಿಯೂ ಉಳಿದಿಲ್ಲ. ಕಂಪನಿ ನಾಟಕಗಳನ್ನು ಯಾರೂ ಚಿತ್ರೀಕರಿಸಿಡಲಿಲ್ಲ. ಪರದೆಗಳು ಹರಿದವು, ಸೀನುಗಳು ಮಾರಾಟವಾದವು, ನೋಡಿದ ಕಣ್ಣುಗಳೂ ಒಂದೊಂದಾಗಿ ಮುಚ್ಚಿದವು. ಉಳಿದಿರುವುದು ಆನಂತರದ ಸಿನಿಮಾಗಳು ಮಾತ್ರ. ಹಾಗಾಗಿ ನರಸಿಂಹರಾಜು ಅವರ ಹಾಸ್ಯ ದೃಶ್ಯಗಳು ನಗುವಿನ ಸರಕಷ್ಟೇ ಅಲ್ಲ. ಕಣ್ಮರೆಯಾದ ಒಂದು ರಂಗಭೂಮಿಯ ದಾಖಲೆಯೂ ಹೌದು. ಆ ದಾಖಲೆಯನ್ನು ಓದಬೇಕಾದರೆ ಕಲ್ಪತರು ನಾಡಿನಿಂದಲೇ ಆರಂಭಿಸಬೇಕು.

ರೈಲು ಹಾದಿಯ ಮೂವರು

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೋಗುವ ರೈಲು ತುಮಕೂರು ದಾಟಿದ ಮೇಲೆ ಗುಬ್ಬಿ, ಆಮೇಲೆ ತಿಪಟೂರು, ಆಮೇಲೆ ಅರಸೀಕೆರೆ ಎಂದು ಮುಂದೆ ಸಾಗುತ್ತದೆ. ಕನ್ನಡದ ಮೂವರು ಹೆಸರಾಂತ ಹಾಸ್ಯ ನಟರು ಈ ಮೂರು ಊರುಗಳಿಗೆ ಸೇರಿದವರೆಂಬುದು ಸ್ವಾರಸ್ಯದ ಸಂಗತಿ. ಗುಬ್ಬಿಯಲ್ಲಿ ವೀರಣ್ಣನವರು, ತಿಪಟೂರಿನಲ್ಲಿ 1923ರ ಜುಲೈ 24ರಂದು ಹುಟ್ಟಿದ ನರಸಿಂಹರಾಜು, ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ. ಗುಬ್ಬಿ ವೀರಣ್ಣನವರನ್ನು ನಾಡು ಕಂಪನಿಯ ಯಜಮಾನರೆಂದು ಗೌರವಿಸಿದರೂ ರಂಗದ ಮೇಲೆ ಅವರು ಮುಖ್ಯವಾಗಿ ಹಾಸ್ಯನಟರೇ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೆ ತಂದ ಕೀರ್ತಿ ಅಷ್ಟಿಷ್ಟಲ್ಲ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನೇ ಗಮನಿಸಿ ಸಮಯಕ್ಕೆ ಸರಿಯಾಗಿ ಮಾತು ಎಸೆಯುತ್ತಿದ್ದರು.

ಇದು ಬರೀ ಕಾಕತಾಳೀಯ ಇರಲಾರದು. ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದೇ ಸುಮಾರಿನಲ್ಲಿ ಈ ಭಾಗಕ್ಕೆ ರೈಲು ಬಂತು. ನಾಟಕ ಕಂಪನಿಯೆಂದರೆ ಹತ್ತಾರು ಜನ, ಅಡುಗೆ ಪಾತ್ರೆ, ಬಟ್ಟೆ ಪೆಟ್ಟಿಗೆ, ಬಣ್ಣದ ಪರದೆ, ಹಾರ್ಮೋನಿಯಂ, ಮರದ ಸೀನು, ತಗಡು, ಕಂಬ. ಇಷ್ಟನ್ನೂ ಎತ್ತಿನ ಗಾಡಿಯ ಮೇಲೆಯೇ ನಾಡಿನುದ್ದಕ್ಕೂ ಸಾಗಿಸುವುದು ಕಷ್ಟ. ರೈಲು ವ್ಯಾಗನ್ ಸಿಕ್ಕಿದ ಮೇಲೆ ಮೈಸೂರು ಸೀಮೆಯ ಕಂಪನಿ ಹುಬ್ಬಳ್ಳಿ ಕಡೆಗೂ, ಆ ಕಡೆಯ ಕಂಪನಿ ಈ ಕಡೆಗೂ ಸುಲಭವಾಗಿ ಬರುವಂತಾಯಿತು. ರೈಲು ಮುಟ್ಟದ ಚಿಕ್ಕನಾಯಕನಹಳ್ಳಿ, ತುರುವೇಕೆರೆಯಂಥ ಪಟ್ಟಣಗಳಿಗೆ ನಿಲ್ದಾಣದಿಂದ ಗಾಡಿಯ ದಾರಿ.

ಕಂಪನಿ ಒಂದು ಊರಿನಲ್ಲಿ ಬಿಡಾರ ಹೂಡಬೇಕಾದರೆ ಆ ಊರಿನ ಜನರ ಕೈಯಲ್ಲಿ ಕಾಸು ಆಡಬೇಕು. ತೆಂಗಿನ ಸೀಮೆಗೆ ಆ ಅನುಕೂಲವಿತ್ತು. ಇಲ್ಲಿಯ ರೈತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಕಾಯುತ್ತಾನೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಒಡೆದು ತಿಪಟೂರಿನ ಮಾರುಕಟ್ಟೆಗೆ ತರುತ್ತಾನೆ. ರಾಗಿ ಬೆಳೆ ಹೊಟ್ಟೆಗಾದರೆ ಕೊಬ್ಬರಿ ರೊಕ್ಕಕ್ಕೆ. ಗಾಡಿ ಕಟ್ಟಿಕೊಂಡು ಸಂತೆಗೆ ಬಂದವರು ರಾತ್ರಿ ನಾಟಕ ನೋಡಿ ಬೆಳಿಗ್ಗೆ ಊರು ಸೇರುವುದು ಹಿಂದಿನ ತಲೆಮಾರಿನವರಿಗೆ ಹೊಸದೇನಲ್ಲ. ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ತುಮಕೂರು ಜಿಲ್ಲೆಯವರೇ. ಹೀಗೆ ಬರೆಯುವವರು, ಆಡುವವರು, ದುಡ್ಡು ಕೊಟ್ಟು ನೋಡುವವರು ಮೂವರೂ ಇದ್ದ ಸೀಮೆ ಇದು.

ನಾಲ್ಕರ ವಯಸ್ಸಿಗೆ ಬಣ್ಣ

ಟಿ.ಆರ್. ನರಸಿಂಹರಾಜು ಎಂಬ ಹೆಸರಿನಲ್ಲಿ 'ಟಿ' ಎಂದರೆ ತಿಪಟೂರು, 'ಆರ್' ಎಂದರೆ ತಂದೆ ರಾಮರಾಜು. ಆ ಕಾಲದಲ್ಲಿ ಹೆಸರಾಗಿದ್ದ ಸಿ.ಬಿ. ಮಲ್ಲಪ್ಪನವರ ಶ್ರೀ ಚಂದ್ರಮೌಳೇಶ್ವರ ನಾಟಕ ಕಂಪನಿಗೆ ಈ ಹುಡುಗನನ್ನು ಸೇರಿಸಿದಾಗ ಇನ್ನೂ ಅಕ್ಷರಾಭ್ಯಾಸದ ವಯಸ್ಸೂ ಆಗಿರಲಿಲ್ಲ. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ, ಮಾರ್ಕಂಡೇಯ ಮುಂತಾದ ಬಾಲಪಾತ್ರಗಳು ಪಾಲಿಗೆ ಬಂದವು.

ಪೌರಾಣಿಕ ನಾಟಕಗಳಲ್ಲಿ ಬಾಲಪಾತ್ರವೆಂದರೆ ಸುಮ್ಮನೆ ಬಂದು ನಿಲ್ಲುವ ಪಾತ್ರವಲ್ಲ. ಪ್ರಹ್ಲಾದನಿಲ್ಲದೆ ಹಿರಣ್ಯಕಶಿಪುವಿನ ಆರ್ಭಟಕ್ಕೆ ಅರ್ಥವಿಲ್ಲ. ಲೋಹಿತಾಶ್ವ ಹಾವು ಕಚ್ಚಿ ಬೀಳದಿದ್ದರೆ ಚಂದ್ರಮತಿಯ ಗೋಳಿಲ್ಲ, ಸ್ಮಶಾನದ ದೃಶ್ಯವೂ ಇಲ್ಲ. ಸಭಿಕರ ಕಣ್ಣೀರು ನಿಂತಿದ್ದುದೇ ಆ ಮಗುವಿನ ಮೇಲೆ. ಕಂದಪದ್ಯ, ಹಾಡು, ಮಾತು ಎಲ್ಲವೂ ಬಾಯಿಪಾಠ. ಧ್ವನಿವರ್ಧಕ ಇನ್ನೂ ಬಾರದ ದಿನಗಳವು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ, ಆದರೆ ಕಿರುಚಿದಂತೆ ಆಗದ ಹಾಗೆ ಮಾತಾಡುವುದನ್ನು ಮಗು ಕಲಿಯಬೇಕಿತ್ತು. ಸ್ವರ ತಪ್ಪಿದರೆ ಹಾರ್ಮೋನಿಯಂ ಮೇಷ್ಟ್ರು ಬಿಡುತ್ತಿರಲಿಲ್ಲ. ನಡುರಾತ್ರಿಯ ಅಂಕಕ್ಕೆ ಮಲಗಿದ್ದ ಮಕ್ಕಳನ್ನು ಎಬ್ಬಿಸಿ, ಮುಖಕ್ಕೆ ನೀರು ಹಾಕಿ, ಬಣ್ಣ ಹಚ್ಚಿ ರಂಗಕ್ಕೆ ಬಿಡುವುದು ಕಂಪನಿಗಳಲ್ಲಿ ಸಾಮಾನ್ಯವಾಗಿತ್ತು.

ಕಂಪನಿಯೇ ಶಾಲೆ, ಕಂಪನಿಯೇ ಮನೆ. ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ. ಓದು ಬರಹ ಬಂದರೆ ಅದು ನಾಟಕದ ಹಸ್ತಪ್ರತಿಯ ಮೂಲಕ. ಇದನ್ನು ಹೊಗಳಿ ಬರೆಯುವುದು ಸುಲಭ. ಆದರೆ ತಾಯಿಯ ಮಡಿಲಿನಲ್ಲಿರಬೇಕಾದ ಮಗು ಊರೂರು ಅಲೆದು ದುಡಿಯುವುದನ್ನು ಇಂದಿನ ಕಣ್ಣಿನಿಂದ ನೋಡಿದರೆ ಬೇರೆಯೇ ಪ್ರಶ್ನೆಗಳೇಳುತ್ತವೆ. ಮನೆಯಲ್ಲಿ ಒಂದು ಬಾಯಿ ಕಡಿಮೆಯಾಯಿತಲ್ಲ ಎಂಬ ಸಮಾಧಾನದಿಂದಲೇ ಎಷ್ಟೋ ಬಡ ಕುಟುಂಬಗಳು ಮಕ್ಕಳನ್ನು ಕಂಪನಿಗೆ ಒಪ್ಪಿಸುತ್ತಿದ್ದವು. ಪುಟ್ಟ ಮುತ್ತುರಾಜ, ಅಂದರೆ ಮುಂದಿನ ರಾಜ್‌ಕುಮಾರ್, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಗುಬ್ಬಿ ಕಂಪನಿಯಲ್ಲಿ ಬೆಳೆದದ್ದೂ ಇದೇ ಬಗೆಯ ಬದುಕಿನಲ್ಲಿ.

ಲಂಡನ್ನಿನ ಇನ್ನೊಬ್ಬ ಹುಡುಗ

ನರಸಿಂಹರಾಜು ಅವರನ್ನು ಕನ್ನಡದ ಚಾಪ್ಲಿನ್ ಎಂದು ಕರೆಯುವುದು ರೂಢಿ. ಹೋಲಿಕೆಯನ್ನು ಸಾಮಾನ್ಯವಾಗಿ ನಗೆ ಉಕ್ಕಿಸುವ ಶಕ್ತಿಯ ಮಟ್ಟಿಗೆ ಮಾತ್ರ ಹೇಳಲಾಗುತ್ತದೆ. ಆದರೆ ಇಬ್ಬರ ಬಾಲ್ಯವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಹೋಲಿಕೆ ಇನ್ನಷ್ಟು ಆಳಕ್ಕೆ ಹೋಗುತ್ತದೆ.

ಚಾರ್ಲಿ ಚಾಪ್ಲಿನ್ ಹುಟ್ಟಿದ್ದು 1889ರಲ್ಲಿ. ತಾಯಿ ಹಾಡುಗಾರ್ತಿ. ಆಕೆಯ ಆರೋಗ್ಯ ಕೆಟ್ಟಾಗ ಮಕ್ಕಳು ಲಂಡನ್ನಿನ ಬಡವರ ಆಶ್ರಯಧಾಮ ಸೇರಬೇಕಾಯಿತು. ಒಂಬತ್ತರ ವಯಸ್ಸಿನ ಸುಮಾರಿಗೆ ಚಾರ್ಲಿ 'ಎಯ್ಟ್ ಲ್ಯಾಂಕಷೈರ್ ಲ್ಯಾಡ್ಸ್' ಎಂಬ ಬಾಲಕರ ನೃತ್ಯ ತಂಡದಲ್ಲಿ ದುಡಿಯತೊಡಗಿದ. 1903ರಲ್ಲಿ 'ಷೆರ್ಲಾಕ್ ಹೋಮ್ಸ್' ನಾಟಕದಲ್ಲಿ ಬಿಲ್ಲಿ ಎಂಬ ಆಳುಹುಡುಗನ ಪಾತ್ರ ಸಿಕ್ಕಿತು. ಆ ನಾಟಕದೊಡನೆ ಇಂಗ್ಲೆಂಡಿನ ಊರೂರು ತಿರುಗಿದ. 1908ರಲ್ಲಿ ಫ್ರೆಡ್ ಕಾರ್ನೊ ಅವರ ಹಾಸ್ಯ ಕಂಪನಿ ಸೇರಿದ. ಆ ಕಂಪನಿಯ ಜೊತೆ ಅಮೆರಿಕ ಪ್ರವಾಸ ಹೋಗಿದ್ದಾಗಲೇ ಸಿನಿಮಾದವರ ಕಣ್ಣಿಗೆ ಬಿದ್ದದ್ದು. 1914ರಲ್ಲಿ ಅವನ ಮೊದಲ ಚಿತ್ರಗಳು ತೆರೆ ಕಂಡಾಗ ವಯಸ್ಸು ಇಪ್ಪತ್ತೈದರ ಆಸುಪಾಸು. ಅಷ್ಟರೊಳಗೆ ರಂಗದ ಅನುಭವ ಸುಮಾರು 15 ವರ್ಷದ್ದು.

ಕಾರ್ನೊ ಕಂಪನಿಯಲ್ಲಿ ಚಾಪ್ಲಿನ್ ಕುಡುಕ ಪ್ರೇಕ್ಷಕನ ಪಾತ್ರ ಮಾಡುತ್ತಿದ್ದ ಒಂದು ಪ್ರಸಂಗವಿತ್ತು. ಅದನ್ನೇ ಆಧರಿಸಿ 1915ರಲ್ಲಿ 'ಎ ನೈಟ್ ಇನ್ ದ ಷೋ' ಎಂಬ ಚಿತ್ರ ತಯಾರಾಯಿತು. ಕಾರ್ನೊ ಕಂಪನಿ ಹೋಯಿತು, ಆ ರಂಗಮಂದಿರಗಳೂ ಹೋದವು, ಚಿತ್ರ ಉಳಿಯಿತು. ಬ್ರಿಟನ್ನಿನ ಹಳೆಯ ಹಾಸ್ಯರಂಗ ಹೇಗಿತ್ತೆಂದು ಅರಿಯಲು ವಿದ್ವಾಂಸರು ಚಾಪ್ಲಿನ್ ಚಿತ್ರಗಳನ್ನು ಇಂದಿಗೂ ಬಿಡಿಸಿ ನೋಡುತ್ತಾರೆ. ಕನ್ನಡದಲ್ಲಿ ನರಸಿಂಹರಾಜು ಅವರ ಚಿತ್ರಗಳನ್ನು ಆ ದೃಷ್ಟಿಯಿಂದ ನೋಡುವ ಕೆಲಸ ನಡೆದದ್ದು ತೀರಾ ಕಡಿಮೆ.

ವ್ಯತ್ಯಾಸವೂ ಇದೆ. ಚಾಪ್ಲಿನ್ ಬಹುಬೇಗ ತನ್ನ ಚಿತ್ರಗಳಿಗೆ ತಾನೇ ನಿರ್ದೇಶಕನಾದ. ಕಥೆ, ಅಳತೆ, ಓಟ ಎಲ್ಲವೂ ಅವನ ಕೈಯಲ್ಲಿತ್ತು. ನರಸಿಂಹರಾಜು ಅವರಿಗೆ ಅಂಥ ಅವಕಾಶ ಒದಗಲಿಲ್ಲ. ಬೇರೆಯವರ ಕಥೆಯಲ್ಲಿ, ನಾಯಕನ ಪಕ್ಕದಲ್ಲಿ, ಸಿಕ್ಕ ಐದಾರು ದೃಶ್ಯಗಳಲ್ಲೇ ಅವರು ತಮ್ಮ ಕಲೆಯನ್ನು ತೋರಬೇಕಾಯಿತು.

ಪರದೆಯ ಮುಂದಿನ ಪಾಠ

ಬಾಲನಟರ ಬದುಕಿನಲ್ಲಿ ಒಂದು ಗಂಡಾಂತರದ ಘಟ್ಟವಿರುತ್ತದೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಗಂಟಲು ಒಡೆಯುತ್ತದೆ. ಪ್ರಹ್ಲಾದನ ಹಾಡು ಹಾಡಲಾಗದು. ಹಿರಣ್ಯಕಶಿಪು ಆಗಲು ಮೈಕಟ್ಟು ಸಾಲದು. ಆಗ ಕೆಲವರು ಊರಿಗೆ ಮರಳುತ್ತಿದ್ದರು, ಕೆಲವರು ಸ್ತ್ರೀಪಾತ್ರಕ್ಕೆ ಹೊರಳುತ್ತಿದ್ದರು, ಕೆಲವರು ಪರದೆ ಎಳೆಯುವ ಕೆಲಸಕ್ಕೆ ನಿಲ್ಲುತ್ತಿದ್ದರು. ಮೈ ತುಂಬಿಕೊಳ್ಳದ, ನಾಯಕನ ರೂಪವಿಲ್ಲದ ಯುವಕನಿಗೆ ಕಂಪನಿಯಲ್ಲಿ ತೆರೆದಿದ್ದ ದೊಡ್ಡ ಬಾಗಿಲು ಹಾಸ್ಯದ್ದು. ನರಸಿಂಹರಾಜು ಆ ಬಾಗಿಲಿನಿಂದ ಒಳಹೊಕ್ಕರು. ಹಿರಣ್ಣಯ್ಯ ಮಿತ್ರ ಮಂಡಳಿ, ಗುಬ್ಬಿ ಕಂಪನಿ ಮುಂತಾದ ಕಡೆ ದುಡಿದರು.

ಕಂಪನಿ ನಾಟಕದಲ್ಲಿ ಹಾಸ್ಯಗಾರನ ಸ್ಥಾನ ಎಂಥದು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅರಮನೆಯ ದೃಶ್ಯ ಮುಗಿದು ಕಾಡಿನ ದೃಶ್ಯ ಬರಬೇಕಾದರೆ ಹಿಂದೆ ಸಿಂಹಾಸನ ಎತ್ತಬೇಕು, ಮರ ನಿಲ್ಲಿಸಬೇಕು, ನಾಯಕ ಬಟ್ಟೆ ಬದಲಿಸಬೇಕು. ಅಲ್ಲಿಯತನಕ ಸಭಿಕರನ್ನು ಬರಿದೆ ಕೂರಿಸುವಂತಿಲ್ಲ. ಆಗ ಮುಂದಿನ ಪರದೆ ಇಳಿಯುತ್ತದೆ, ಅದರ ಮುಂದೆ ಹಾಸ್ಯಗಾರ ಬರುತ್ತಾನೆ. ಹಿಂದಿನ ಕೆಲಸ ಐದು ನಿಮಿಷಕ್ಕೆ ಮುಗಿದರೆ ಅವನ ಮಾತೂ ಐದು ನಿಮಿಷ; ಎಲ್ಲೋ ಹಗ್ಗ ಸಿಕ್ಕಿಕೊಂಡು ಹತ್ತು ನಿಮಿಷವಾದರೆ ಅವನೂ ಹತ್ತು ನಿಮಿಷ ಎಳೆಯಬೇಕು. ಬರೆದುಕೊಟ್ಟ ಮಾತು ಮುಗಿದುಹೋದರೂ ಎಳೆಯಲೇಬೇಕು. ಒಳಗಿನಿಂದ ಸೂಚನೆ ಬಂದೊಡನೆ, ನಗು ಇಳಿಯುವ ಮೊದಲೇ, ಮಾತು ಮುಗಿಸಿ ಸರಿಯಬೇಕು.

ಈ ಕೆಲಸ ಮೂರು ಪಾಠಗಳನ್ನು ಕಲಿಸಿತು. ಮೊದಲನೆಯದು, ಸಭಿಕರ ನಗುವನ್ನು ಅಳೆಯುವುದು. ನಗು ಏರುತ್ತಿರುವಾಗ ಮುಂದಿನ ಮಾತು ಆಡಿದರೆ ಅದು ಮುಳುಗಿಹೋಗುತ್ತದೆ. ಪೂರ್ತಿ ಇಳಿದ ಮೇಲೆ ಆಡಿದರೆ ಕಾವು ಆರಿರುತ್ತದೆ. ಎರಡನೆಯದು, ಸ್ಥಳದಲ್ಲೇ ಮಾತು ಹುಟ್ಟಿಸುವುದು. ಬಿಡಾರ ಹೂಡಿದ ಊರಿನ ಸಂತೆ, ಕೆರೆ, ಬೆಲೆ ಏರಿಕೆ, ಅಧಿಕಾರಿಗಳ ದರ್ಪ ಎಲ್ಲವೂ ಪುರಾಣದ ನಡುವೆ ನುಸುಳುತ್ತಿದ್ದುದು ಈ ಸಂದಿಯಲ್ಲೇ. ಮೂರನೆಯದು, ಕಥೆಯ ಬಿಗಿ ಕೆಡಿಸದಿರುವುದು. ಹಾಸ್ಯಗಾರ ಅತಿ ಮಾಡಿದರೆ ಮುಂದಿನ ದೃಶ್ಯದ ಶೋಕಕ್ಕೆ ಕಣ್ಣೀರು ಬಾರದು. ಈ ಮೂರನ್ನೂ ಯಾವ ಪುಸ್ತಕವೂ ಕಲಿಸಲಾರದು. ದಿನವೂ ಬದಲಾಗುವ ಸಭೆಯ ಮುಂದೆ, ಗೆದ್ದ ರಾತ್ರಿ ಮತ್ತು ಸೋತ ರಾತ್ರಿಗಳಿಂದ ಕಲಿಯಬೇಕಾದದ್ದು.

ಮೊದಲ ಚಿತ್ರ

ನರಸಿಂಹರಾಜು ರಂಗದಲ್ಲಿ ಬೆಳೆಯುತ್ತಿದ್ದ ಕಾಲದಲ್ಲೇ ರಂಗದ ಕಾಲ ಮುಗಿಯತೊಡಗಿತ್ತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕದವರೇ. ಆರಂಭದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳು ಬರುತ್ತಿದ್ದವು. ಆದರೆ ತಮಿಳು, ತೆಲುಗು, ಹಿಂದಿ ಚಿತ್ರಗಳಿಗೆ ಬರವಿರಲಿಲ್ಲ. ಕಂಪನಿಯ ಬಿಡಾರ ಊರಿಗೆ ಬರುವವರೆಗೆ ಕಾಯಬೇಕು. ಟಾಕೀಸು ದಿನವೂ ತೆರೆದಿರುತ್ತದೆ. ಹತ್ತಾರು ಜನರ ಊಟ ಸಂಬಳದ ಖರ್ಚು ಕಂಪನಿಗೆ. ಟಾಕೀಸಿಗೆ ಡಬ್ಬಿಯಲ್ಲಿ ಬಂದ ರೀಲು ಸಾಕು. ಈ ಪೈಪೋಟಿಯಲ್ಲಿ ಒಂದೊಂದೇ ಕಂಪನಿ ಬಾಗಿಲು ಮುಚ್ಚಿತು.

ಗುಬ್ಬಿ ವೀರಣ್ಣನವರು ಈ ಗಾಳಿಯನ್ನು ಬೇಗನೆ ಗುರುತಿಸಿದವರು. ನಾಟಕದ ಜೊತೆಗೆ 'ಹೇಮರೆಡ್ಡಿ ಮಲ್ಲಮ್ಮ' (1945), 'ಗುಣಸಾಗರಿ' (1953) ಚಿತ್ರಗಳ ನಿರ್ಮಾಣಕ್ಕೂ ಕೈಹಾಕಿದರು. 1954ರಲ್ಲಿ ಬಂದ 'ಬೇಡರ ಕಣ್ಣಪ್ಪ' ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿತು. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ ಈ ಚಿತ್ರದಲ್ಲಿ ಕಣ್ಣಪ್ಪನಾಗಿ ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದರು. ಕಪಟ ಅರ್ಚಕ ಕೈಲಾಸನಾಥ ಶಾಸ್ತ್ರಿಯಾಗಿ ಜಿ.ವಿ. ಅಯ್ಯರ್, ಅವನ ಮಗ ಕಾಶಿಯಾಗಿ ನರಸಿಂಹರಾಜು. ಆಗ ನರಸಿಂಹರಾಜು ಅವರಿಗೆ ಮೂವತ್ತು ವರ್ಷ, ರಾಜ್‌ಕುಮಾರ್ ಅವರಿಗೆ ಇಪ್ಪತ್ತೈದು. ಮೂವರೂ ಕಂಪನಿಯ ಅನ್ನ ಉಂಡವರು.

ಹಾಗಾಗಿ 'ಬೇಡರ ಕಣ್ಣಪ್ಪ' ಹೊಸ ಕಲಾವಿದರ ಚಿತ್ರವೆಂದು ಹೇಳುವುದು ಅರ್ಧ ಸತ್ಯ. ಕ್ಯಾಮೆರಾಗೆ ಅವರು ಹೆಚ್ಚುಕಡಿಮೆ ಹೊಸಬರು, ಅಭಿನಯಕ್ಕೆ ಹಳಬರು. ಕಲಿಯಬೇಕಾದದ್ದಕ್ಕಿಂತ ಬಿಡಬೇಕಾದದ್ದೇ ಅವರಿಗೆ ಹೆಚ್ಚಿತ್ತು. ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ದನಿಯನ್ನು ತಗ್ಗಿಸಬೇಕು. ಕೈಯ ಬೀಸನ್ನು ಕಿರಿದಾಗಿಸಬೇಕು. ಎಲ್ಲಕ್ಕಿಂತ ಕಷ್ಟದ್ದು, ನಗುವ ಸಭೆಯೇ ಎದುರಿಗಿಲ್ಲದೆ ನಗಿಸಬೇಕು. ಸ್ಟುಡಿಯೋದಲ್ಲಿ ನಗು ಬಂದರೆ ಶಾಟ್ ಕೆಡುತ್ತದೆ. ಮೌನದಲ್ಲಿ ಮಾತು ಎಸೆದು, ಮುಂದೆಂದೋ ಯಾವುದೋ ಟಾಕೀಸಿನಲ್ಲಿ ಏಳಬಹುದಾದ ನಗುವಿಗೆ ಜಾಗ ಬಿಟ್ಟು ಮುಂದಿನ ಮಾತು ಆಡಬೇಕು. ಸಾವಿರಾರು ರಾತ್ರಿ ಸಭೆಯನ್ನು ಅಳೆದವನಿಗಷ್ಟೇ ಕಾಣದ ಸಭೆಯ ಅಳತೆಯೂ ಸಿಗುತ್ತದೆ.

ಮತ್ತೆ ಬಣ್ಣದ ಪೆಟ್ಟಿಗೆ

ಆಮೇಲಿನ ಕಾಲು ಶತಮಾನದಲ್ಲಿ ನರಸಿಂಹರಾಜು ನಟಿಸಿದ ಚಿತ್ರಗಳ ಸಂಖ್ಯೆ 250ನ್ನು ದಾಟುತ್ತದೆ. ನಾಯಕನ ದಿನಾಂಕಕ್ಕಿಂತ ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಗೊತ್ತುಮಾಡಿಕೊಳ್ಳುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತ. ಅದಕ್ಕೆ ಕಾರಣವಿತ್ತು. ಐವತ್ತು ಅರವತ್ತರ ದಶಕದ ಕನ್ನಡ ಸಿನಿಮಾ ಕಂಪನಿ ನಾಟಕದ ಕಟ್ಟನ್ನೇ ಉಳಿಸಿಕೊಂಡಿತ್ತು. ಗಂಭೀರ ಕಥೆ ಒಂದು ಕಡೆ, ಹಾಸ್ಯದ ಎಳೆ ಇನ್ನೊಂದು ಕಡೆ. ಸೀನು ಬದಲಿಸುವ ಅಗತ್ಯ ಸಿನಿಮಾಕ್ಕಿಲ್ಲ. ಪರದೆ ಇಳಿಸುವ ಪ್ರಮೇಯವೇ ಇಲ್ಲ. ಆದರೂ ಹಾಸ್ಯಗಾರ ಅದೇ ಜಾಗದಲ್ಲಿ, ಶೋಕದ ಎರಡು ದೃಶ್ಯಗಳ ನಡುವೆ, ತಪ್ಪದೆ ಬರುತ್ತಿದ್ದ. ಇಂದಿನ ವೀಕ್ಷಕರಿಗೆ ಹಳೆಯ ಚಿತ್ರಗಳಲ್ಲಿ ಹಾಸ್ಯ ಕಥೆಗೆ ಅಂಟದೆ ನಿಂತಂತೆ ಕಾಣುವುದಾದರೆ, ಅದರ ಬೇರು ಇರುವುದು ಇಲ್ಲಿ. ಅದು ಬರವಣಿಗೆಯ ದೋಷವಲ್ಲ; ಇಳಿದ ಪರದೆಯ ನೆನಪು.

ಸಿನಿಮಾದ ಬದುಕೂ ಭದ್ರವಾಗಿರಲಿಲ್ಲ. ಐವತ್ತರ ದಶಕದ ಕೊನೆಗೆ ಕನ್ನಡ ಚಿತ್ರಗಳ ತಯಾರಿಕೆ ಕುಗ್ಗಿ ಕಲಾವಿದರಿಗೆ ಕೆಲಸವಿಲ್ಲದಂತಾಯಿತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು, ಊರೂರಿಗೆ ಹೋಗಿ ನಾಟಕ ಆಡಿದರು. ತೆರೆಯ ಮೇಲೆ ಕಂಡ ಮುಖಗಳನ್ನು ಎದುರಿಗೇ ನೋಡಲು ಜನ ಬಂದರು. ಸಂಘದ ಹೆಸರಿನಲ್ಲಿ ಅವರು ನಿರ್ಮಿಸಿದ 'ರಣಧೀರ ಕಂಠೀರವ' 1960ರಲ್ಲಿ ಬಿಡುಗಡೆಯಾಗಿ ಯಶಸ್ಸು ಗಳಿಸಿತು. ರಂಗಭೂಮಿಯ ಜನರನ್ನು ಸೆಳೆದುಕೊಂಡ ಸಿನಿಮಾವನ್ನು, ಅದು ಬಡವಾದಾಗ, ರಂಗಭೂಮಿಯೇ ಕೈಹಿಡಿದು ಎತ್ತಿತೆಂಬುದು ಈ ಪ್ರಸಂಗದಿಂದ ಸ್ಪಷ್ಟ. ಆ ನಾಲ್ವರಲ್ಲಿ ಇಬ್ಬರು ತೆಂಗಿನ ಸೀಮೆಯ ಹಾಸ್ಯನಟರೆಂಬುದನ್ನು ಇಲ್ಲಿಯ ಜನ ಹೆಮ್ಮೆಯಿಂದ ನೆನೆಯಬಹುದು.

ಲೋಹಿತಾಶ್ವನಿಂದ ನಕ್ಷತ್ರಿಕನವರೆಗೆ

ನರಸಿಂಹರಾಜು ಅವರ ಎರಡು ಬದುಕುಗಳನ್ನು ಜೋಡಿಸುವ ಕೊಂಡಿಯೊಂದನ್ನು ಹುಡುಕುವುದಾದರೆ 1965ರ 'ಸತ್ಯ ಹರಿಶ್ಚಂದ್ರ'ವನ್ನು ನೋಡಬೇಕು. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರದು ನಕ್ಷತ್ರಿಕನ ಪಾತ್ರ. ವಿಶ್ವಾಮಿತ್ರನ ಸಾಲ ವಸೂಲಿಗೆಂದು ಹರಿಶ್ಚಂದ್ರನ ಬೆನ್ನು ಹತ್ತಿ ಕಾಡುವ ಶಿಷ್ಯ ಈತ. ಅದೇ ಕಥೆಯಲ್ಲಿ ಬಾಲಕನಾಗಿದ್ದಾಗ ಅವರು ಲೋಹಿತಾಶ್ವನಾಗಿದ್ದರು. ಸಭೆಯನ್ನು ಅಳಿಸುವ ಪಾತ್ರದಿಂದ ನಗಿಸುವ ಪಾತ್ರಕ್ಕೆ ಬರಲು ನಾಲ್ಕು ದಶಕ ಹಿಡಿಯಿತು.

ನಕ್ಷತ್ರಿಕನ ಪಾತ್ರ ಸುಲಭದ್ದಲ್ಲ. ಅವನು ಕ್ರೂರಿಯಾಗಿ ಕಂಡರೆ ನಗು ಬಾರದು. ತೀರಾ ಕೋಡಂಗಿಯಾದರೆ ಹರಿಶ್ಚಂದ್ರನ ಕಷ್ಟಕ್ಕೆ ತೂಕವಿರದು. ಹೆಂಡತಿ ಮಕ್ಕಳೊಡನೆ ಬೀದಿಗೆ ಬಿದ್ದ ರಾಜನ ಪಕ್ಕದಲ್ಲೇ ನಿಂತು ನಗಿಸಬೇಕು, ಆದರೆ ಆ ನಗು ರಾಜನನ್ನು ಅಣಕಿಸಬಾರದು. ಪರದೆಯ ಮುಂದೆ ಕಲಿತ ಮೂರನೆಯ ಪಾಠ, ಅಂದರೆ ಶೋಕವನ್ನು ಕೆಡಿಸದೆ ನಗಿಸುವುದು, ಇಲ್ಲಿ ಕೆಲಸಕ್ಕೆ ಬಂದಿದೆ. ಉಬ್ಬು ಹಲ್ಲಿನಿಂದ ಮಾತ್ರ ಇದು ಆಗುವ ಕೆಲಸವಲ್ಲ.

1967ರಲ್ಲಿ ಬಂದ 'ನಕ್ಕರೆ ಅದೇ ಸ್ವರ್ಗ' ಅವರ ನೂರನೆಯ ಚಿತ್ರ. ಯಾವಾಗಲೂ ನಾಯಕನ ಪಕ್ಕದಲ್ಲಿ ನಿಲ್ಲುತ್ತಿದ್ದವರು ಅದರಲ್ಲಿ ತಾವೇ ನಾಯಕರಾದರು. ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ್ದೂ ಇದೇ ಚಿತ್ರಕ್ಕೆ. 1974ರಲ್ಲಿ ಅವರೇ ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚೂರಾಯ' ತಯಾರಿಸಿದರು. ಅಷ್ಟು ಹೊತ್ತಿಗೆ ಹಾಸ್ಯದ ಬಗೆಯೇ ಬದಲಾಗತೊಡಗಿತ್ತು. ದ್ವಾರಕೀಶ್ ಅವರಂಥ ಹೊಸ ನಟರು ಬಂದಿದ್ದರು. ಕಂಪನಿಯ ಹಿನ್ನೆಲೆಯಿಲ್ಲದ ಬರಹಗಾರರು, ನಿರ್ದೇಶಕರು ಹೆಚ್ಚಾದರು. 1979ರ ಜುಲೈ ತಿಂಗಳಿನಲ್ಲಿ, 56 ತುಂಬಲು ಕೆಲವೇ ದಿನ ಬಾಕಿ ಇರುವಾಗ, ನರಸಿಂಹರಾಜು ನಿಧನರಾದರು.

ಉಳಿದದ್ದು, ಉಳಿಯಬೇಕಾದದ್ದು

ಈ ಬದುಕಿನಿಂದ ಎರಡು ಮಾತು ಹೊರಡುತ್ತವೆ. ಒಂದು, ಬೆಲೆಯ ಮಾತು. ಕಂಪನಿ ಅಪ್ರತಿಮ ಕಲಾವಿದರನ್ನು ಕೊಟ್ಟಿತು ನಿಜ. ಆದರೆ ಹೆಸರು ಮಾಡಿದವರು ಕೆಲವರು. ಬಾಲ್ಯವನ್ನೂ ಓದನ್ನೂ ಕಳೆದುಕೊಂಡು, ಗಂಟಲು ಒಡೆದ ಮೇಲೆ ಎಲ್ಲಿಯೂ ಸಲ್ಲದೆ ಹೋದವರು ಎಷ್ಟೋ ಮಂದಿ. ಬ್ರಿಟನ್ ಏಳು ವರ್ಷದೊಳಗಿನ ಮಕ್ಕಳು ರಂಗದ ಮೇಲೆ ದುಡಿಯುವುದಕ್ಕೆ ಕಾನೂನಿನ ತಡೆ ಹಾಕಿದ್ದು ಚಾಪ್ಲಿನ್ ಹುಟ್ಟಿದ 1889ರಲ್ಲೇ. ನಮ್ಮಲ್ಲಿ 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ ಮಕ್ಕಳು ದೃಶ್ಯ ಶ್ರವ್ಯ ಮನರಂಜನೆಯಲ್ಲಿ ಪಾಲ್ಗೊಳ್ಳಲು, ಓದಿಗೆ ಅಡ್ಡಿಯಾಗಬಾರದೆಂಬ ಷರತ್ತಿನ ಮೇಲೆ, ಅವಕಾಶ ಕೊಟ್ಟಿದೆ. ಕಿರುತೆರೆಯ ಸ್ಪರ್ಧೆಗಳಲ್ಲಿ ಪುಟ್ಟ ಮಕ್ಕಳ ಹಾಡು ಕುಣಿತಕ್ಕೆ ಚಪ್ಪಾಳೆ ತಟ್ಟುವಾಗ ಆ ಷರತ್ತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನರಸಿಂಹರಾಜು ಅವರ ಯಶಸ್ಸು ಆ ಪದ್ಧತಿಗೆ ಸಮರ್ಥನೆಯಾಗಲಾರದು. ಆ ಪದ್ಧತಿ ಕ್ರೂರವಾಗಿತ್ತೆಂಬ ಕಾರಣಕ್ಕೆ ಅದು ಕಲಿಸಿದ ಕಲೆಯನ್ನು ಮರೆಯುವುದೂ ಸಲ್ಲದು.

ಇನ್ನೊಂದು, ದಾಖಲೆಯ ಮಾತು. 'ಸತಿ ಸುಲೋಚನಾ' ಚಿತ್ರದ ಪ್ರತಿ ಇಂದು ಎಲ್ಲಿಯೂ ಲಭ್ಯವಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ. ಅಷ್ಟರಲ್ಲಿ ಮೊದಲ ದಶಕಗಳ ಎಷ್ಟೋ ಭಾರತೀಯ ಚಿತ್ರಗಳು ಹಾಳಾಗಿದ್ದವು. ಉಳಿದಿರುವ ಹಳೆಯ ಕನ್ನಡ ಚಿತ್ರಗಳನ್ನು ಮರುಪ್ರಸಾರ ಮಾಡುವಾಗ ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಹಾಸ್ಯದ ದೃಶ್ಯಗಳ ಮೇಲೆ. ಕಥೆಗೆ ಬೇಕಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಕಥೆಗೆ ಬೇಕಿಲ್ಲದಿರಬಹುದು, ಚರಿತ್ರೆಗೆ ಬೇಕು. ಮಲ್ಲಪ್ಪನವರ ಕಂಪನಿಯಲ್ಲಿ, ಹಿರಣ್ಣಯ್ಯನವರ ಮಂಡಳಿಯಲ್ಲಿ, ಗುಬ್ಬಿಯವರ ರಂಗದ ಮೇಲೆ ಪರದೆಯ ಮುಂದೆ ನಿಂತವನು ಹೇಗೆ ಮಾತಾಡುತ್ತಿದ್ದ, ಹೇಗೆ ತಿರುಗುತ್ತಿದ್ದ, ನಗುವಿಗೆ ಎಷ್ಟು ಹೊತ್ತು ಕಾಯುತ್ತಿದ್ದ ಎಂಬುದಕ್ಕೆ ಕಣ್ಣಾರೆ ಕಾಣುವ ಪುರಾವೆಯೆಂದರೆ ಆ ದೃಶ್ಯಗಳೇ.

2023ಕ್ಕೆ ನರಸಿಂಹರಾಜು ಹುಟ್ಟಿ ನೂರು ವರ್ಷ ತುಂಬಿತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಈಗಲೂ ನಡೆಯುತ್ತಿದೆ. ಬಿಡಾರ ಹೂಡುವ ಕಂಪನಿಗಳು ಈ ಸೀಮೆಯಲ್ಲಿ ಅಪರೂಪವಾದವು. ನೋಡಬೇಕೆನ್ನುವವರಿಗೆ 'ಬೇಡರ ಕಣ್ಣಪ್ಪ'ದ ಕಾಶಿ, 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ ಈಗಲೂ ಸಿಗುತ್ತಾರೆ. ಮುಂದಿನ ಬಾರಿ ಅವರು ತೆರೆಗೆ ಬಂದಾಗ ಹಲ್ಲನ್ನಷ್ಟೇ ನೋಡದೆ, ಎರಡು ಮಾತುಗಳ ನಡುವೆ ಅವರು ಬಿಡುವ ಬಿಡುವನ್ನು ಗಮನಿಸಿದರೆ ಸಾಕು. ಆ ಬಿಡುವಿನ ಅಳತೆಯನ್ನು ಕಲಿಯಲು ಹಿಡಿದ ಕಾಲ 27 ವರ್ಷ.